ನಾಲ್ಕನೆಯ ಸುಳ್ಳು ಅಲಾರಂ

ಕಳೆದ ಧನುರ್ಮಾಸದಲ್ಲಿ ಅಮ್ಮ ಮೈಸೂರಿನಿಂದ ಅಮೆರಿಕದ ನಮ್ಮ ಮನೆಗೆ ಬಂದು ಹತ್ತು ದಿನವಾಗಿತ್ತು. ಒಂದು ಬೆಳಗಿನ ಜಾವ, ನಾನೂ ಮಗಳೂ ಇನ್ನೂ ಮಲಗಿರುವಾಗಲೇ ಅವರು ಎದ್ದು, ಸ್ನಾನ ಮುಗಿಸಿ, ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಇಡೋಣವೆಂದು ಮುಂಬಾಗಿಲಿನ ಚಿಲಕ ತೆಗೆದರು. ಗೋಡೆಯ ಮೇಲಿನ ಕಳ್ಳರ ಅಲಾರಮ್ಮಿನ ಕೀಪ್ಯಾಡ್ ಮೂವತ್ತು ಸೆಕೆಂಡು ಸಣ್ಣಗೆ ಕೂಗಿದೆ. ಅದನ್ನು ಅವರು ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿಲ್ಲದಾಗ ಬರುವ ಸದ್ದೆಂದುಕೊಂಡರಂತೆ. ಆಮೇಲೆ ಸೈರನ್ ಹೊಡೆದುಕೊಂಡಿತು. ನಾನು ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಅಮ್ಮ ಹೊಸ್ತಿಲಲ್ಲಿ ನಿಂತಲ್ಲೇ ನಿಂತಿದ್ದರು, ಕೈಯಲ್ಲಿದ್ದ ಬಟ್ಟಲು ಓರೆಯಾಗಿ ರಂಗೋಲಿ ಪುಡಿಯೆಲ್ಲ ಕಾಲೊರಸಿನ ಮೇಲೆ ಸುರಿದಿತ್ತು. ಗಾಬರಿಯಲ್ಲಿ ನಾನು ಎರಡು ಸಲ ತಪ್ಪು ಕೋಡ್ ಒತ್ತಿದೆ, ಮೂರನೆಯ ಸಲ ಸದ್ದು ನಿಂತಿತು. ಸದ್ದು ನಿಂತಿತಲ್ಲ ಎಂದು ಸಮಾಧಾನಪಟ್ಟೆನೇ ಹೊರತು, ಅಲಾರಂ ಹೊಡೆದುಕೊಂಡರೆ ದೂರದಿಂದ ಗಮನಿಸುವ ಮಾನಿಟರಿಂಗ್ ಕೇಂದ್ರಕ್ಕೆ ಫೋನ್ ಮಾಡಿ ಇದು ಸುಳ್ಳು ಕರೆ ಎಂದು ತಿಳಿಸಬೇಕೆಂಬುದು ನನಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಆ ಕೇಂದ್ರದವರು ತಮ್ಮ ಕೆಲಸ ಮಾಡಿ ಮುಗಿಸಿದ್ದರು. ಮೊದಲು ನನ್ನ ಮೊಬೈಲಿಗೆ ಕರೆ ಮಾಡಿದ್ದಾರೆ, ಅದು ಮಹಡಿಯ ಮೇಲೆ ಸದ್ದಿಲ್ಲದ ಸ್ಥಿತಿಯಲ್ಲಿತ್ತು. ಆಮೇಲೆ ಹೆಂಡತಿಯ ಮೊಬೈಲಿಗೆ ಮಾಡಿದ್ದಾರೆ, ಅವಳು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿದ್ದಳು. ಎರಡು ಕರೆಗೂ ಉತ್ತರ ಸಿಗದಾಗ ಪೊಲೀಸರಿಗೆ ಹೇಳಿದ್ದಾರೆ. ಇಪ್ಪತ್ತು ನಿಮಿಷದೊಳಗೆ ಎರಡು ಕಾರುಗಳಲ್ಲಿ ಇಬ್ಬರು ಪೊಲೀಸರು ಬಂದರು, ಸೌಜನ್ಯದಿಂದ ಮಾತಾಡಿದರು, ಹಿತ್ತಿಲವರೆಗೂ ಹೋಗಿ ಟಾರ್ಚ್ ಹಾಕಿ ನೋಡಿ ಹೊರಟರು. ಆ ದಿನವಿಡೀ ಅಮ್ಮ ಒಂದೇ ಮಾತನ್ನು ಹೇಳಿಕೊಂಡು ಕೂತಿದ್ದರು: “ನನ್ನಿಂದ ಮನೆ ಬಾಗಿಲಿಗೆ ಪೊಲೀಸರು ಬರೋ ಹಾಗಾಯ್ತಲ್ಲೋ.” ಎರಡು ವಾರದ ಮೇಲೆ ನಗರಾಡಳಿತದಿಂದ ಪತ್ರ ಬಂತು. ಹನ್ನೆರಡು ತಿಂಗಳಲ್ಲಿ ಇದು ನಮ್ಮ ನಾಲ್ಕನೆಯ ಸುಳ್ಳು ಅಲಾರಂ, ದಂಡ 50 ಡಾಲರ್.

ನಾವಿರುವುದು ಟೆಕ್ಸಾಸ್ ರಾಜ್ಯದಲ್ಲಿ, ಡಾಲಸ್ ನಗರದ ಉತ್ತರಕ್ಕಿರುವ ಒಂದು ಊರಿನಲ್ಲಿ. ಈ ಭಾಗದಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ, ಹೆಚ್ಚಿನ ಮನೆಗಳಲ್ಲಿ ಅಲಾರಂ ಇದೆ, ವರ್ಷದಲ್ಲಿ ಕೆಲವು ತಿಂಗಳು ಊರಿನಿಂದ ಅಪ್ಪನೋ ಅಮ್ಮನೋ ಬಂದು ಇರುತ್ತಾರೆ. ದಂಡ ಕಟ್ಟಿದ ಮೇಲೆ ನಾನು ಮಾಡಿದ ಕೆಲಸವೆಂದರೆ, ಮನೆ ಕೊಂಡ ಹೊಸತರಲ್ಲಿ ಓದದೆ ಸಹಿ ಹಾಕಿದ್ದ ಅಲಾರಂ ಇಟ್ಟುಕೊಳ್ಳಲು ಊರು ಕೊಡುವ ಪರ್ಮಿಟ್ಟಿನ ಕಾಗದವನ್ನೂ ಅದರ ಹಿಂದಿರುವ ಕಾನೂನನ್ನೂ ಕೂತು ಓದಿದ್ದು. ನಮ್ಮಂಥ ಮನೆಗಳವರಿಗೆ ಉಪಯೋಗಕ್ಕೆ ಬಂದೀತೆಂದು, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟೆಕ್ಸಾಸಿನಲ್ಲಿ ಕಳ್ಳರ ಅಲಾರಮ್ಮಿನ ನಿಯಮ ಮಾಡುವ ಅಧಿಕಾರ ಆಯಾ ಊರಿನದು. ಆದರೆ ಆ ಅಧಿಕಾರ ಎಲ್ಲಿಯವರೆಗೆ ಎಂಬುದನ್ನು ರಾಜ್ಯದ ಸ್ಥಳೀಯಾಡಳಿತ ಸಂಹಿತೆಯ 214ನೆಯ ಅಧ್ಯಾಯ ಗೆರೆ ಎಳೆದು ಹೇಳುತ್ತದೆ. ಊರು ಪರ್ಮಿಟ್ ಕಡ್ಡಾಯ ಮಾಡಬಹುದು, ಆದರೆ ವಾಸದ ಮನೆಯ ಪರ್ಮಿಟ್ ಶುಲ್ಕ ವರ್ಷಕ್ಕೆ 50 ಡಾಲರ್ ಮೀರುವಂತಿಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ ಮೂರು ಸುಳ್ಳು ಅಲಾರಂ ಆಗಿದ್ದರೆ ಮಾತ್ರ ಮುಂದಿನದಕ್ಕೆ ದಂಡ ಹಾಕಬಹುದು. ಅದರ ಮೇಲ್ಮಿತಿ 50ರಿಂದ ಶುರುವಾಗಿ 75ಕ್ಕೆ, ಹಿಂದಿನವು ಎಂಟು ತಲುಪಿದ ಮೇಲೆ 100 ಡಾಲರಿಗೆ ಏರುತ್ತದೆ. ನನಗೆ ಬಹಳ ನ್ಯಾಯವೆನಿಸಿದ ಇನ್ನೊಂದು ನಿಯಮವಿದೆ. ಕರೆ ಬಂದ 30 ನಿಮಿಷದೊಳಗೆ ಊರಿನ ಸಿಬ್ಬಂದಿ ಸ್ಥಳಕ್ಕೆ ಬಂದು, ಮನೆಯನ್ನು ಒಳಗಿನಿಂದಲೋ ಹೊರಗಿನಿಂದಲೋ ನೋಡಿ, ಕರೆ ಸುಳ್ಳೆಂದು ನಿರ್ಧರಿಸಿದರೆ ಮಾತ್ರ ಅದು ಸುಳ್ಳು ಅಲಾರಂ ಎಂದು ಲೆಕ್ಕಕ್ಕೆ ಬರುತ್ತದೆ. ಬಂದು ನೋಡದೆ ಕಚೇರಿಯಲ್ಲಿ ಕೂತು ಲೆಕ್ಕ ಬರೆದುಕೊಳ್ಳುವಂತಿಲ್ಲ. ಪತ್ರ ಕೈಗೆ ಬಂದವರು ಮೊದಲು ನೋಡಬೇಕಾದದ್ದು ಕರೆಯ ಸಮಯ ಮತ್ತು ಪೊಲೀಸರು ಬಂದ ಸಮಯ. ನಮ್ಮದರಲ್ಲಿ ಎರಡೂ ಸರಿಯಾಗಿದ್ದವು, ದಂಡವೂ ಸರಿಯಾಗಿತ್ತು.

ಅಲಾರಂ ಕಂಪನಿಗಳ ಮೇಲೆ ಬೇರೆಯೇ ಕಾನೂನಿದೆ. ಕಳ್ಳರ ಅಲಾರಂ ಅಳವಡಿಸುವವರಿಗೆ ರಾಜ್ಯದ ಸಾರ್ವಜನಿಕ ಸುರಕ್ಷಾ ಇಲಾಖೆ ಲೈಸೆನ್ಸ್ ಕೊಡುತ್ತದೆ, ಬೆಂಕಿಯ ಅಲಾರಮ್ಮಿನವರಿಗೆ ರಾಜ್ಯದ ಅಗ್ನಿ ಮಾರ್ಷಲ್ ಕಚೇರಿ ಕೊಡುತ್ತದೆ. ಅಳವಡಿಸಿದ ಕಂಪನಿ ಮನೆಯವರಿಗೆ ಯಂತ್ರ ನಡೆಸುವ ಬಗೆಯನ್ನೂ, ಸುಳ್ಳು ಅಲಾರಂ ಆಗದಂತೆ ನೋಡಿಕೊಳ್ಳುವ ಬಗೆಯನ್ನೂ, ಆದಾಗ ಬೀಳುವ ದಂಡವನ್ನೂ ವಿವರಿಸುವ ಮಾಹಿತಿ ಕೊಡಬೇಕು. ಪೊಲೀಸರನ್ನು ಕರೆಯುವ ಮೊದಲು ಮಾನಿಟರಿಂಗ್ ಕೇಂದ್ರದವರು ಮನೆಯವರನ್ನು ಎರಡು ಸಲ ಸಂಪರ್ಕಿಸಲು ಪ್ರಯತ್ನಿಸಬೇಕು. ಆ ಬೆಳಗಿನ ಎರಡು ಕರೆಗಳು ಕಂಪನಿಯವರ ಕೃಪೆಯೆಂದು ನಾನು ತಿಳಿದಿದ್ದೆ. ಅದು ಕಾನೂನಿನ ಮಾತೆಂದು ಆಮೇಲೆ ಗೊತ್ತಾಯಿತು. ಆ ಎರಡು ಕರೆಗಳು ಯಾರಿಗೆ ಹೋಗಬೇಕೆಂದು ಬರೆದುಕೊಟ್ಟವನು ನಾನೇ, ಮನೆಯಲ್ಲಿ ಹಗಲೂ ರಾತ್ರಿಯೂ ಇರುವ ಅಮ್ಮನ ನಂಬರು ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಇಷ್ಟೆಲ್ಲ ನಿಯಮ ಯಾಕೆ ಬೇಕಾಯಿತೆಂದು ಕೇಳಿದರೆ, ಅಂಕಿಗಳನ್ನು ನೋಡಬೇಕು. ಅಮೆರಿಕದ ನ್ಯಾಯ ಇಲಾಖೆಯ ನೆರವಿನಿಂದ ಪ್ರಕಟವಾದ ಒಂದು ಪೊಲೀಸ್ ಕೈಪಿಡಿಯ ಪ್ರಕಾರ 2002ರಲ್ಲಿ ದೇಶದ ಪೊಲೀಸರು ಸುಮಾರು 3 ಕೋಟಿ 60 ಲಕ್ಷ ಅಲಾರಂ ಕರೆಗಳಿಗೆ ಓಗೊಟ್ಟರು, ಅದಕ್ಕೆ ತಗುಲಿದ ವೆಚ್ಚ ಸುಮಾರು 180 ಕೋಟಿ ಡಾಲರ್, ಅವುಗಳಲ್ಲಿ ಶೇಕಡಾ 94ರಿಂದ 98ರಷ್ಟು ಸುಳ್ಳು. ಒಂದೊಂದು ಕರೆಗೆ ಸಾಮಾನ್ಯವಾಗಿ ಇಬ್ಬರು ಪೊಲೀಸರ ಇಪ್ಪತ್ತು ನಿಮಿಷ ಹೋಗುತ್ತದೆ. ಕಾರಣಗಳು ದೊಡ್ಡವೇನಲ್ಲ. ಕೋಡ್ ಮರೆಯುವುದು, ಬಾಗಿಲು ಪೂರ್ತಿ ಕೂತುಕೊಳ್ಳದಿರುವುದು, ಬ್ಯಾಟರಿ ಇಳಿದುಹೋಗುವುದು, ಸಾಕುಪ್ರಾಣಿಗಳ ಓಡಾಟ. ನಮ್ಮ ಮನೆಯ ಮೊದಲಿನ ಮೂರನ್ನು ನಾನು ಹೀಗೆಯೇ ಪಟ್ಟಿ ಮಾಡಿದೆ. ಮೊದಲನೆಯದು, ಗಾಳಿಗೆ ಹಿಂಬಾಗಿಲು ತಳ್ಳಿಕೊಂಡದ್ದು. ಎರಡನೆಯದು, ನಾವು ಊರಿಗೆ ಹೋದಾಗ ಗಿಡಗಳಿಗೆ ನೀರು ಹಾಕಲು ಬಂದ ನಂಟರೊಬ್ಬರಿಗೆ ಕೋಡ್ ಮರೆತದ್ದು. ಮೂರನೆಯದು, ಮಗಳ ಹುಟ್ಟುಹಬ್ಬಕ್ಕೆ ತಂದ ಗ್ಯಾಸ್ ತುಂಬಿದ ಬಲೂನು, ನಾವ್ಯಾರೂ ಇಲ್ಲದಾಗ ಏ.ಸಿ. ಗಾಳಿಗೆ ತೇಲಿಕೊಂಡು ಹಾಲ್‌ನಲ್ಲಿರುವ, ಚಲನೆ ಗುರುತಿಸುವ ಸೆನ್ಸರ್ ಮುಂದೆ ಹಾದುಹೋದದ್ದು. ನಾಲ್ಕು ಸಲವೂ ಸೇರಿ ಎಂಟು ಪೊಲೀಸರು ನಮ್ಮ ಮನೆಗೆ ಬಂದುಹೋದರು. ಆ ಹೊತ್ತಿನಲ್ಲಿ ಈ ಊರಿನ ಬೇರೊಂದು ಮನೆಯಲ್ಲಿ ನಿಜವಾಗಿ ಅವರು ಬೇಕಾಗಿದ್ದಿರಬಹುದು ಎಂಬ ಯೋಚನೆ ಬಂದ ಮೇಲೆ ನನಗೆ ದಂಡದ ಬಗ್ಗೆ ತಕರಾರು ಉಳಿಯಲಿಲ್ಲ.

ಕೆಲವು ನಗರಗಳು ಇನ್ನೂ ಕಟ್ಟುನಿಟ್ಟಾದ ದಾರಿ ಹಿಡಿದಿವೆ. ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ 2000ದ ಡಿಸೆಂಬರಿನಿಂದ ಬರೀ ಅಲಾರಂ ಹೊಡೆದುಕೊಂಡಿತೆಂದು ಪೊಲೀಸರನ್ನು ಕಳಿಸುವುದನ್ನೇ ನಿಲ್ಲಿಸಿತು. ಕಂಪನಿಯ ಕಾವಲುಗಾರನೋ ಬೇರೆ ಯಾರೋ ಮೊದಲು ಹೋಗಿ ಕಣ್ಣಾರೆ ನೋಡಿ, ಕಳ್ಳತನದ ಕುರುಹು ಇದೆ ಎಂದರೆ ಮಾತ್ರ ಪೊಲೀಸರು ಹೊರಡುತ್ತಾರೆ. ಅಲ್ಲಿ ಪೊಲೀಸರು ಓಡಬೇಕಾದ ಅಲಾರಂ ಕರೆಗಳು ಶೇಕಡಾ 90ರಷ್ಟು ಇಳಿದವು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ 2012ರಲ್ಲಿ ಇದೇ ಬಗೆಯ ನೀತಿಗೆ ಬಂತು. ಸಿಯಾಟಲ್ ಪೊಲೀಸರು 2024ರ ಅಕ್ಟೋಬರಿನಿಂದ ಧ್ವನಿ, ವಿಡಿಯೊ, ಪ್ಯಾನಿಕ್ ಬಟನ್ (ಅಪಾಯದಲ್ಲಿ ಒತ್ತುವ ಗುಂಡಿ) ಅಥವಾ ಕಣ್ಣಾರೆ ಕಂಡವರ ಮಾತು ಇದ್ದರೆ ಮಾತ್ರ ಬರುತ್ತೇವೆಂದು ಹೇಳಿದರು; ಅದರ ಹಿಂದಿನ ವರ್ಷ ಅವರು ಸುಮಾರು 13,000 ಅಲಾರಂ ಕರೆಗಳಿಗೆ ಹೋಗಿದ್ದು, ಅಪರಾಧ ನಡೆದದ್ದು ಖಚಿತವಾದವು ಶೇಕಡಾ ನಾಲ್ಕಕ್ಕಿಂತ ಕಡಿಮೆ. ನಮ್ಮ ಪಕ್ಕದ ಡಾಲಸ್ ಕೂಡ 2006ರಲ್ಲಿ ಅಂಗಡಿ ಮುಂಗಟ್ಟುಗಳ ಮಟ್ಟಿಗೆ ಹೀಗೆ ಮಾಡಿ ನೋಡಿ, ಮರುವರ್ಷ ಹಿಂತೆಗೆದುಕೊಂಡಿತು.

ಟೆಕ್ಸಾಸಿನ ಕಾನೂನು ಇದಕ್ಕೆ ಎರಡು ಷರತ್ತು ಹಾಕಿದೆ. ಅಲಾರಮ್ಮಿಗೆ ಬರುವುದಿಲ್ಲವೆಂದು ನಿಯಮ ಮಾಡುವ ಮೊದಲು ಊರು ಪರ್ಮಿಟ್ ಇರುವವರಿಗೆಲ್ಲ ತಿಳಿಸುವ ಪ್ರಯತ್ನ ಮಾಡಿ, ಬಹಿರಂಗ ಸಭೆ ಕರೆದು ಜನರ ಮಾತು ಕೇಳಬೇಕು. ಹಾಗೆ ನಿಯಮ ಮಾಡಿದ ಮೇಲೆ ಅಲಾರಮ್ಮಿನ ಹೆಸರಿನಲ್ಲಿ ಶುಲ್ಕವನ್ನಾಗಲಿ ದಂಡವನ್ನಾಗಲಿ ಎತ್ತುವಂತಿಲ್ಲ. ದುಡ್ಡು ತೆಗೆದುಕೊಳ್ಳುವುದಾದರೆ ಬರಬೇಕು, ಬರುವುದಿಲ್ಲವಾದರೆ ದುಡ್ಡು ಕೇಳಬಾರದು. ಸ್ಥಳೀಯ ಕಾನೂನು ಇಷ್ಟು ನೇರವಾಗಿ ಮಾತಾಡುವುದನ್ನು ನಾನು ಬೇರೆಡೆ ಅಷ್ಟಾಗಿ ಕಂಡಿಲ್ಲ. ಜಾರ್ಜಿಯಾ ರಾಜ್ಯದ ಸ್ಯಾಂಡಿ ಸ್ಪ್ರಿಂಗ್ಸ್ ಎಂಬ ಊರು ಇನ್ನೊಂದು ತಿರುವು ತೆಗೆದುಕೊಂಡು ದಂಡವನ್ನು ಮನೆಯವರ ಮೇಲೆ ಹಾಕದೆ ಅಲಾರಂ ಕಂಪನಿಗಳ ಮೇಲೆ ಹಾಕಿತು. ಕಂಪನಿಗಳು ಕೋರ್ಟಿಗೆ ಹೋದವು, 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಊರಿನ ಪರವಾಗಿಯೇ ತೀರ್ಪು ಕೊಟ್ಟಿತು. ನನ್ನ ಅಭಿಪ್ರಾಯದಲ್ಲಿ ದಂಡ ಇಬ್ಬರಿಗೂ ಹಂಚಿಹೋಗಬೇಕು. ಬಲೂನನ್ನು ಹಾಲಿನಲ್ಲಿ ಬಿಟ್ಟು ಹೋದದ್ದು ನನ್ನ ತಪ್ಪು, ನಿಜ. ಆದರೆ ಸೆನ್ಸರನ್ನು ಏ.ಸಿ. ಗಾಳಿ ಬರುವ ಕಿಂಡಿಗೆ ಎದುರಾಗಿ ಕೂರಿಸಿ, ನಾಲ್ಕು ನಿಮಿಷದಲ್ಲಿ ಎಲ್ಲ ವಿವರಿಸಿದೆನೆಂದು ಸಹಿ ಹಾಕಿಸಿಕೊಂಡು ಹೋದವರ ಪಾಲೂ ಅದರಲ್ಲಿದೆ.

ಇಲ್ಲಿಯವರೆಗೆ ಬರೆದದ್ದು ಕಳ್ಳರ ಅಲಾರಮ್ಮಿನ ಮಾತು. ಬೆಂಕಿಯ ಅಲಾರಮ್ಮಿನ ಮಾತು ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಕಳ್ಳರ ಅಲಾರಂ ಹೊಡೆದುಕೊಂಡಾಗ ಊರು ಒಂದು ಕ್ಷಣ ನಿಂತು, ಇದು ನಿಜವೋ ಎಂದು ಕೇಳಿದರೆ ಹೋಗುವುದು ಹೆಚ್ಚೆಂದರೆ ವಸ್ತು. ಬೆಂಕಿಯ ವಿಷಯದಲ್ಲಿ ಆ ಒಂದು ಕ್ಷಣವೇ ಜೀವ.

ಇದನ್ನು ಬಾಸ್ಟನ್ ನಗರ ಬಹಳ ಹಿಂದೆಯೇ ದುಬಾರಿ ಬೆಲೆ ಕೊಟ್ಟು ಕಲಿತಿದೆ. ವಿಲಿಯಂ ಚಾನಿಂಗ್ ಮತ್ತು ಮೋಸಸ್ ಫಾರ್ಮರ್ ಎಂಬಿಬ್ಬರು ರೂಪಿಸಿದ, ಟೆಲಿಗ್ರಾಫ್ ತಂತಿಯ ಮೂಲಕ ಬೆಂಕಿಯ ಸುದ್ದಿ ಮುಟ್ಟಿಸುವ ವ್ಯವಸ್ಥೆ ಅಲ್ಲಿ 1852ರಲ್ಲಿ ಶುರುವಾಯಿತು. ಬೀದಿ ಬೀದಿಯಲ್ಲಿ ಕಬ್ಬಿಣದ ಪೆಟ್ಟಿಗೆ, ಒಳಗೆ ಹಿಡಿ ತಿರುಗಿಸಿದರೆ ಪೆಟ್ಟಿಗೆಯ ಸಂಖ್ಯೆ ಕೇಂದ್ರಕ್ಕೆ ಹೋಗುತ್ತಿತ್ತು. ಪೋಕರಿಗಳು ಸುಳ್ಳು ಕರೆ ಕೊಡಬಾರದೆಂದು ಪೆಟ್ಟಿಗೆಗಳಿಗೆ ಬೀಗ ಹಾಕಿ, ಕೀಲಿಯನ್ನು ಪೊಲೀಸರ ಕೈಗೂ ಹತ್ತಿರದ ನಂಬಿಕಸ್ಥರ ಕೈಗೂ ಕೊಟ್ಟಿದ್ದರು. 1872ರ ನವೆಂಬರ್ 9ರ ಸಂಜೆ ಸಮ್ಮರ್ ಸ್ಟ್ರೀಟಿನ ಗೋದಾಮೊಂದರಲ್ಲಿ ಬೆಂಕಿ ಬಿದ್ದಾಗ, ದಾರಿಹೋಕರು ಉರಿ ಕಂಡದ್ದಕ್ಕೂ ಪೆಟ್ಟಿಗೆಯ ಮೊದಲ ಕರೆ ಹೋದದ್ದಕ್ಕೂ ನಡುವೆ ನಿಮಿಷಗಳು ಕಳೆದವು. ಆ ಬೆಂಕಿ ಸುಮಾರು 65 ಎಕರೆ ಜಾಗದಲ್ಲಿ 770ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟಿತು. ಅದು ಅಷ್ಟು ಹರಡಲು ಬೇರೆ ಕಾರಣಗಳೂ ಇದ್ದವು. ಆ ತಿಂಗಳು ಕುದುರೆಗಳಿಗೆಲ್ಲ ಜ್ವರ ಬಂದು ಅಗ್ನಿಶಾಮಕ ಗಾಡಿಗಳನ್ನು ಮನುಷ್ಯರೇ ಎಳೆಯಬೇಕಾಗಿತ್ತು. ಆದರೂ ಸುಳ್ಳಿನ ಭಯಕ್ಕೆ ಹಾಕಿದ ಬೀಗ ನಿಜದ ದಿನ ಅಡ್ಡ ಬಂದ ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ, ಏಕೆಂದರೆ ಅಂಥದೇ ಒಂದು ಬೀಗವನ್ನು ನಮ್ಮ ಮನೆಯಲ್ಲಿ ನಾನೇ ಹಾಕಿದ್ದೆ.

ಅಡುಗೆಮನೆಯ ಬಾಗಿಲಿನಾಚೆ, ಊಟದ ಮೇಜಿನ ಮೇಲ್ಭಾಗದ ಸೀಲಿಂಗಿನಲ್ಲಿ ಒಂದು ಸ್ಮೋಕ್ ಡಿಟೆಕ್ಟರ್ ಇತ್ತು. ಅಮ್ಮ ಹುಳಿಗೆ ಇಂಗು, ಸಾಸಿವೆ, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಸಾಕು, ಅದು ಮೂರು ಮೂರು ಕೂಗಿನ ಲಯದಲ್ಲಿ ಅರಚುತ್ತಿತ್ತು. ಇವು ಒಂದಕ್ಕೊಂದು ತಂತಿಯಿಂದ ಸೇರಿರುವುದರಿಂದ ಮಲಗುವ ಕೋಣೆಗಳಲ್ಲಿರುವವೂ ಜೊತೆಗೂಡುತ್ತಿದ್ದವು. ಎರಡು ದಿನ ಟವಲ್ಲಿನಿಂದ ಗಾಳಿ ಬೀಸಿದೆ. ಮೂರನೆಯ ದಿನ ಏಣಿ ಹತ್ತಿ ಅದನ್ನು ಬಿಚ್ಚಿ, ಬ್ಯಾಟರಿ ತೆಗೆದು, ಪುಸ್ತಕದ ಕಪಾಟಿನ ಮೇಲಿಟ್ಟುಬಿಟ್ಟೆ. ಅದು ಅಲ್ಲೇ ಆರು ವಾರ ಇತ್ತು. ಹೀಗೆ ಮಾಡಿದ ಕನ್ನಡದ ಮನೆಗಳು ಎಷ್ಟಿವೆ ಎಂಬುದು ನಮ್ಮ ಸ್ನೇಹಿತರ ನಡುವೆ ಮಾತು ತೆಗೆದಾಗಲೇ ಗೊತ್ತಾದದ್ದು. ಕೆಲವರು ಪ್ಲಾಸ್ಟಿಕ್ ಚೀಲ ಕಟ್ಟಿದ್ದರು, ಒಬ್ಬರು ಬಾಡಿಗೆ ಮನೆಯಲ್ಲಿದ್ದುಕೊಂಡೇ ಕಿತ್ತಿದ್ದರು. ಟೆಕ್ಸಾಸಿನಲ್ಲಿ ಬಾಡಿಗೆದಾರರು ಸ್ಮೋಕ್ ಅಲಾರಮ್ಮಿನ ಬ್ಯಾಟರಿ ತೆಗೆದು ಬೇರೆ ಹಾಕದಿದ್ದರೆ ಅವರ ಮೇಲೆ ಕಾನೂನಿನ ಹೊಣೆ ಬರುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ.

ಕಾನೂನಿನ ಮಾತು ಇಲ್ಲಿ ಸ್ವಲ್ಪ ಸೂಕ್ಷ್ಮ. ಮನೆಯೊಳಗಿನವರನ್ನು ಮಾತ್ರ ಎಚ್ಚರಿಸುವ ಅಲಾರಂ ಮೇಲೆ ಹೇಳಿದ 214ನೆಯ ಅಧ್ಯಾಯದ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ಅಂದರೆ ಸೀಲಿಂಗಿನ ಸ್ಮೋಕ್ ಡಿಟೆಕ್ಟರ್ ಒಗ್ಗರಣೆಗೆ ದಿನಕ್ಕೆ ಹತ್ತು ಸಲ ಕೂಗಿದರೂ ಆ ಅಧ್ಯಾಯದ ಪ್ರಕಾರ ಪರ್ಮಿಟ್ಟೂ ಬೇಕಿಲ್ಲ, ದಂಡವೂ ಇಲ್ಲ. ದಂಡದ ಪತ್ರ ಬಂದ ಅಂಜಿಕೆಯಲ್ಲಿ ಎರಡನ್ನೂ ಒಂದೇ ಎಂದುಕೊಂಡು ಬೆಂಕಿಯದನ್ನೂ ಬಾಯಿ ಮುಚ್ಚಿಸುವವರಿದ್ದಾರೆ, ನಾನೂ ಅವರಲ್ಲೊಬ್ಬ. ಅಮೆರಿಕದಲ್ಲಿ ಮನೆ ಬೆಂಕಿಯಿಂದ ಸತ್ತ ಐವರಲ್ಲಿ ಸುಮಾರು ಮೂವರು ಸ್ಮೋಕ್ ಅಲಾರಂ ಇಲ್ಲದ ಅಥವಾ ಇದ್ದೂ ಕೆಲಸ ಮಾಡದ ಮನೆಗಳಲ್ಲಿ ಸತ್ತವರೆಂದು ಅಲ್ಲಿನ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘ ಲೆಕ್ಕ ಹಾಕಿದೆ; ಕೆಲಸ ಮಾಡದಿರುವುದಕ್ಕೆ ಬಹುಪಾಲು ಕಾರಣ ಬ್ಯಾಟರಿ ತೆಗೆದಿಟ್ಟದ್ದು, ಸಂಪರ್ಕ ಕಿತ್ತದ್ದು ಅಥವಾ ಬ್ಯಾಟರಿ ಮುಗಿದುಹೋದದ್ದು. ಆ ಸಂಘದ 72ನೆಯ ಸಂಹಿತೆ ಒಲೆಯಿಂದ ಹತ್ತು ಅಡಿಯೊಳಗೆ ಸಾಮಾನ್ಯವಾಗಿ ಸ್ಮೋಕ್ ಡಿಟೆಕ್ಟರ್ ಇಡಬಾರದೆನ್ನುತ್ತದೆ. ಟೇಪ್ ಹಿಡಿದು ಅಳೆದೆ, ನಮ್ಮದು ಎಂಟು ಅಡಿಯಲ್ಲಿತ್ತು. ಮೇಲಾಗಿ ಅದು ಅಯಾನೀಕರಣದ ಬಗೆಯದು. ಒಳಗೆ ಚೂರೇ ಚೂರು ಅಮೆರಿಸಿಯಂ ಎಂಬ ವಿಕಿರಣಶೀಲ ಲೋಹ ಇಟ್ಟು, ಅದರಿಂದ ಹುಟ್ಟುವ ವಿದ್ಯುತ್ ಹರಿವಿಗೆ ಹೊಗೆಯ ಕಣಗಳು ಅಡ್ಡ ಬಂದಾಗ ಕೂಗುವಂಥದು. ಒಗ್ಗರಣೆಯ ಎಣ್ಣೆಯಿಂದ ಏಳುವ ಅತಿ ಸಣ್ಣ ಕಣಗಳಿಗೆ ಅದು ಬೇಗ ಎಚ್ಚರಗೊಳ್ಳುತ್ತದೆ. ಬೆಳಕಿನ ಕಿರಣ ಚದುರುವುದನ್ನು ನೋಡುವ ಫೋಟೊಎಲೆಕ್ಟ್ರಿಕ್ ಬಗೆ ಅಡುಗೆಯ ಹೊಗೆಗೆ ಅಷ್ಟು ಬೇಗ ಬೆಚ್ಚುವುದಿಲ್ಲ. ಮೂವತ್ತು ಡಾಲರ್ ಆಸುಪಾಸಿನ ಹೊಸದೊಂದನ್ನು ತಂದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಹನ್ನೆರಡು ಅಡಿಗೆ ಸರಿಸಿ ಕೂರಿಸಿದೆ. ಹಳೆಯದರ ಬೆನ್ನು ತಿರುಗಿಸಿ ನೋಡಿದರೆ ತಯಾರಾಗಿ ಹದಿಮೂರು ವರ್ಷವಾಗಿತ್ತು. ಹತ್ತು ವರ್ಷಕ್ಕೆ ಬದಲಿಸಬೇಕೆಂಬುದು ನಿಯಮ.

ಊರಿಗೆ ಹೋದಾಗ ಬೆಂಗಳೂರಿನಲ್ಲಿ ನಂಟರ ಅಪಾರ್ಟ್‌ಮೆಂಟಿನ ಕಾವಲುಗಾರರ ಕೋಣೆಯಲ್ಲಿ ಬೆಂಕಿ ಅಲಾರಮ್ಮಿನ ಫಲಕ ನೋಡಿದೆ. ಕೆಂಪು ದೀಪ ಮಿಣುಕುತ್ತಿತ್ತು, ಬಜರ್ ಬಂದ್ ಮಾಡಲಾಗಿತ್ತು. ಕೇಳಿದರೆ, “ಸುಮ್ ಸುಮ್ನೆ ಹೊಡ್ಕೊಳತ್ತೆ ಸರ್, ಮೇಲಿನೋರು ಬೈತಾರೆ, ಅದಕ್ಕೆ ಆಫ್ ಮಾಡಿದೀವಿ” ಎಂದರು. ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಹೊಗೆ ತುಂಬಿಕೊಂಡು ಒಂಬತ್ತು ಜನ ತೀರಿಕೊಂಡ ನಗರ ಅದು. ಕೆಲವರು ಉಸಿರು ಕಟ್ಟಿ ಮೇಲಿನ ಮಹಡಿಗಳಿಂದ ಹಾರಿದ್ದನ್ನು ಟಿ.ವಿ.ಯಲ್ಲಿ ಕಂಡವರು ಮರೆತಿರಲಾರರು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವಿಡೀ ಅಗ್ನಿ ಮತ್ತು ಜೀವ ಸುರಕ್ಷತೆಗೇ ಮೀಸಲಾಗಿದೆ, ಡಿಟೆಕ್ಟರುಗಳನ್ನು ಆರಿಸುವುದು, ಕೂರಿಸುವುದು, ನೋಡಿಕೊಳ್ಳುವುದು ಹೇಗೆಂದು ಭಾರತೀಯ ಮಾನಕ 2189 ಹೇಳುತ್ತದೆ. ಕಾಗದದ ಮೇಲೆ ಕೊರತೆಯಿಲ್ಲ. ಆ ಬಜರಿನ ಗುಂಡಿಯನ್ನು ಕಾವಲುಗಾರ ಒತ್ತಿದ್ದಕ್ಕೆ ಅವನನ್ನು ಬೈಯುವ ಬದಲು, ಸುಮ್ಮನೆ ಹೊಡೆದುಕೊಳ್ಳುವ ಡಿಟೆಕ್ಟರ್ ಯಾವುದೆಂದು ಹುಡುಕಿ ಸರಿಮಾಡಿಸಬೇಕಾದವರು ನಿವಾಸಿಗಳ ಸಂಘದವರು. ನಂಟರಿಗೆ ಇದನ್ನು ಒತ್ತಿ ಹೇಳಿ ಬಂದೆ. ಮುಂದಿನ ಸಭೆಯಲ್ಲಿ ಎತ್ತುತ್ತೇನೆಂದು ಮಾತು ಕೊಟ್ಟಿದ್ದಾರೆ.

ನಮ್ಮ ಮನೆಯಲ್ಲಿ ಈಗ ಕೀಪ್ಯಾಡಿನ ಪಕ್ಕ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದ ಚೀಟಿ ಅಂಟಿಸಿದೆ: ಬಾಗಿಲು ತೆಗೆಯುವ ಮೊದಲು ಏನು ಒತ್ತಬೇಕು, ಸದ್ದಾದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು. ಕೋಡ್ ಮಾತ್ರ ಚೀಟಿಯಲ್ಲಿಲ್ಲ. ಅಮ್ಮನಿಗೆ ಅವರದೇ ಬೇರೆ ಕೋಡ್ ಮಾಡಿಸಿ ಬಾಯಿಪಾಠ ಮಾಡಿಸಿದ್ದೇವೆ. ಮಾನಿಟರಿಂಗ್ ಕೇಂದ್ರದ ಪಟ್ಟಿಯಲ್ಲಿ ಮೊದಲ ಕರೆ ಈಗ ಮನೆಯಲ್ಲಿರುವ ಅಮ್ಮನ ಫೋನಿಗೆ, ಎರಡನೆಯದು ಎದುರು ಮನೆಯ ತೆಲುಗಿನವರಿಗೆ. ಕೇಂದ್ರದವರು ಕೇಳುವ ಗುಟ್ಟಿನ ಪದವನ್ನೂ ಬದಲಿಸಿದೆವು. ಮೊದಲಿದ್ದ ಇಂಗ್ಲಿಷ್ ಪದ ಅಮ್ಮನ ನಾಲಿಗೆಗೆ ಸಲೀಸಾಗಿರಲಿಲ್ಲ. ಅವರು ಹೇಳಿದರೆ ಆ ಕಡೆಯ ಆಪರೇಟರಿಗೆ ತಪ್ಪದೆ ಅರ್ಥವಾಗುವ ಪದವೊಂದನ್ನು ಹುಡುಕಿ, ಕೇಂದ್ರಕ್ಕೆ ಮೊದಲೇ ತಿಳಿಸಿ, ಒಂದು ಮಧ್ಯಾಹ್ನ ಪರೀಕ್ಷೆಗೆಂದು ಅಲಾರಂ ಹೊಡೆಸಿ ನೋಡಿದೆವು. ಫೋನ್ ಬಂತು, ಅಮ್ಮ ಎರಡು ಕೈಯಲ್ಲೂ ಫೋನ್ ಹಿಡಿದು ಪದ ಹೇಳಿದರು, ಆ ಕಡೆಯವರು “ಓಕೆ ಮ್ಯಾಮ್” ಎಂದು ಇಟ್ಟರು. ಮರುದಿನ ಬೆಳಿಗ್ಗೆ ಐದೂವರೆಗೆ ಕೆಳಗಿನಿಂದ ಕೀಪ್ಯಾಡಿನ ನಾಲ್ಕು ಸಣ್ಣ ಸದ್ದು ಕೇಳಿಸಿತು, ಹಿಂದೆಯೇ ಬಾಗಿಲ ಚಿಲಕ ತೆಗೆದ ಸದ್ದು.